ಜಾಲತಾಣದ ಉಗ್ರಾಣ ಮತ್ತು ಅದರ ಕೀಲಿಕೈ

ಒಂದು ವಿದ್ಯಾಸಂಸ್ಥೆಯ ಬಾಳು ಅದರ ಕಟ್ಟಡಗಳಲ್ಲಿರುವಂತೆಯೇ ಅದರ ದಾಖಲೆಗಳಲ್ಲಿಯೂ ಇರುತ್ತದೆ. ದಾಖಲಾತಿ ರಿಜಿಸ್ಟರು, ಪರೀಕ್ಷಾ ಫಲಿತಾಂಶಗಳ ಪಟ್ಟಿ, ವಾರ್ಷಿಕೋತ್ಸವದ ಭಾವಚಿತ್ರಗಳು, ದಾನಿಗಳ ನಾಮಾವಳಿ, ನಿವೃತ್ತರಾದ ಗುರುಗಳಿಗೆ ಅರ್ಪಿಸಿದ ಬಿನ್ನವತ್ತಳೆಗಳು ಇವೆಲ್ಲವೂ ಒಂದು ಕಾಲದಲ್ಲಿ ಮುಖ್ಯೋಪಾಧ್ಯಾಯರ ಕೊಠಡಿಯ ಬೀರುವಿನಲ್ಲಿ ಭದ್ರವಾಗಿರುತ್ತಿದ್ದವು. ಆ ಬೀರುವಿನ ಕೀಲಿಕೈ ಯಾರಲ್ಲಿದೆ ಎಂಬುದು ಸಂಸ್ಥೆಯಲ್ಲಿ ಎಲ್ಲರಿಗೂ ತಿಳಿದಿರುತ್ತಿತ್ತು. ಅಧಿಕಾರ ಹಸ್ತಾಂತರವಾದ ದಿನ ಕೀಲಿಕೈಯೂ ಹಸ್ತಾಂತರವಾಗುತ್ತಿತ್ತು. ಇಂದು ಆ ದಾಖಲೆಗಳಲ್ಲಿ ಬಹುಪಾಲು ಕಂಪ್ಯೂಟರಿಗೆ ಬಂದಿವೆ. ಸಾರ್ವಜನಿಕರು ನೋಡತಕ್ಕವು ಜಾಲತಾಣದಲ್ಲಿ ಪ್ರಕಟವಾಗುತ್ತಿವೆ. ಆದರೆ ಈ ಹೊಸ ಬೀರುವಿನ ಕೀಲಿಕೈ ಯಾರಲ್ಲಿದೆ ಎಂದು ಕೇಳಿದರೆ ಅನೇಕ ಸಂಸ್ಥೆಗಳಲ್ಲಿ ಸ್ಪಷ್ಟವಾದ ಉತ್ತರ ದೊರೆಯುವುದಿಲ್ಲ. ಕಂಪ್ಯೂಟರು ಬಲ್ಲ ಒಬ್ಬ ಉಪಾಧ್ಯಾಯರು ಉತ್ಸಾಹದಿಂದ ಜಾಲತಾಣವನ್ನು ಕಟ್ಟುತ್ತಾರೆ. ಅವರು ವರ್ಗವಾದ ಅಥವಾ ನಿವೃತ್ತರಾದ ಮರುವರ್ಷದಿಂದ ಅದು ಹಳೆಯ ಫಲಿತಾಂಶವನ್ನೂ ಹಳೆಯ ಸಮಾರಂಭವನ್ನೂ ತೋರಿಸುತ್ತ ನಿಂತುಬಿಡುತ್ತದೆ.

ಈ ಕೊರತೆಗೆ ದುಬಾರಿಯಾದ ಪರಿಹಾರವೇನೂ ಬೇಕಾಗಿಲ್ಲ. ಹಲವು ಕಂಪ್ಯೂಟರುಗಳನ್ನು ಒಂದು ಜಾಲದಲ್ಲಿ ಜೋಡಿಸಿ, ಎಲ್ಲರಿಗೂ ಕಾಣುವಂತೆ ಒಂದೇ ಸ್ಥಳದಲ್ಲಿ ಇಡುವ 'ಹಂಚಿಕೆಯ ಫೋಲ್ಡರ್' ಎಂಬ ಸರಳ ಏರ್ಪಾಟು ಸಾಕು. ಅದರ ಸ್ವರೂಪ, ಅದರ ಇತಿಹಾಸ, ಅದನ್ನು ಬಳಸುವಾಗ ಪಾಲಿಸಬೇಕಾದ ಶಿಸ್ತು ಇವುಗಳನ್ನು ಉಪಾಧ್ಯಾಯ ಬಂಧುಗಳ, ಹಳೆಯ ವಿದ್ಯಾರ್ಥಿಗಳ ಮತ್ತು ದಾನಿಗಳ ಅವಗಾಹನೆಗಾಗಿ ಇಲ್ಲಿ ವಿವರಿಸಲಾಗಿದೆ.

ಪಂಕ್ತಿ ಮತ್ತು ಉಗ್ರಾಣ

ನಮ್ಮ ಪ್ರಸಾದ ನಿಲಯಗಳಲ್ಲಿ ಬಂದವರ ಕಣ್ಣಿಗೆ ಬೀಳುವುದು ಪಂಕ್ತಿ. ಉಗ್ರಾಣವು ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಉಗ್ರಾಣದಲ್ಲಿ ಅಕ್ಕಿ ಬೇಳೆಗಳಿದ್ದರೆ ಮಾತ್ರ ನಾಳೆಯ ಪಂಕ್ತಿ ನಡೆದೀತು. ಜಾಲತಾಣವೆಂಬುದು ಪಂಕ್ತಿ, ಅದರ ಹಿಂದಿರುವ ಲೇಖನ, ಚಿತ್ರ, ಪಟ್ಟಿಗಳ ಮೂಲ ಕಡತಗಳೇ ಉಗ್ರಾಣ. ಜಾಲತಾಣವು ಪ್ರತಿ ಮಾತ್ರ, ಮೂಲವು ಫೋಲ್ಡರಿನಲ್ಲಿದೆ ಎಂಬ ಭಾವನೆ ಸಂಸ್ಥೆಯಲ್ಲಿ ಬೇರೂರಿದರೆ ಉಳಿದ ನಿಯಮಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ.

ಹಾಗೆ ಭಾವಿಸದೆ ಹೋದವರ ಗತಿಯೇನಾಯಿತು ಎಂಬುದಕ್ಕೆ ಒಂದು ಪ್ರಸಿದ್ಧ ನಿದರ್ಶನವಿದೆ. ಜಿಯೋಸಿಟೀಸ್ ಎಂಬ ಅಮೆರಿಕದ ಸಂಸ್ಥೆಯು ಜನಸಾಮಾನ್ಯರಿಗೆ ಉಚಿತವಾಗಿ ಪುಟಗಳನ್ನು ಕಟ್ಟಿಕೊಳ್ಳಲು ಸ್ಥಳ ಕೊಡುತ್ತಿತ್ತು. ಮುಂದೆ ಅದನ್ನು ಕೊಂಡ ಯಾಹೂ ಸಂಸ್ಥೆಯು 2009ರ ಅಕ್ಟೋಬರ್ ತಿಂಗಳಲ್ಲಿ ಅಮೆರಿಕದ ಆ ಸೇವೆಯನ್ನು ಮುಚ್ಚಿಬಿಟ್ಟಿತು. ಸ್ವಯಂಸೇವಕರು ಅನೇಕ ಪುಟಗಳನ್ನು ನಕಲು ಮಾಡಿ ಉಳಿಸಿದರೂ ಎಲ್ಲವನ್ನೂ ಉಳಿಸಲಾಗಲಿಲ್ಲ. ಮೂಲ ಕಡತಗಳನ್ನು ತಮ್ಮಲ್ಲಿಯೇ ಇಟ್ಟುಕೊಂಡಿದ್ದವರು ಬೇರೆಡೆ ಮತ್ತೆ ಪುಟಗಳನ್ನು ಹೂಡಿಕೊಳ್ಳಬಹುದಾಗಿತ್ತು. ಪಂಕ್ತಿಯನ್ನೇ ಉಗ್ರಾಣವೆಂದು ನಂಬಿದ್ದವರಿಗೆ ಆ ದಾರಿಯಿರಲಿಲ್ಲ.

ಇತಿಹಾಸದ ಕೆಲವು ಹೆಜ್ಜೆಗಳು

ವಿಶ್ವವ್ಯಾಪಿ ಜಾಲವು ಹುಟ್ಟಿದ್ದೇ ಸಂಸ್ಥೆಗಳ ಮರೆವಿಗೆ ಮದ್ದಾಗಿ ಎಂಬುದು ಹಲವರಿಗೆ ತಿಳಿಯದ ಸಂಗತಿ. ಸ್ವಿಟ್ಜರ್ಲೆಂಡಿನ ಜಿನೀವಾ ನಗರದ ಬಳಿಯಿರುವ ಸರ್ನ್ ಎಂಬ ಭೌತವಿಜ್ಞಾನ ಸಂಶೋಧನಾ ಕೇಂದ್ರಕ್ಕೆ ನಾನಾ ದೇಶಗಳ ವಿಜ್ಞಾನಿಗಳು ಬಂದು, ಕೆಲವು ಕಾಲ ದುಡಿದು, ಹಿಂದಿರುಗುತ್ತಿದ್ದರು. ಅವರು ಹೋದೊಡನೆ ಅವರು ಬಲ್ಲ ವಿವರಗಳೂ ಹೋಗಿಬಿಡುತ್ತಿದ್ದವು. 1989ರ ಮಾರ್ಚಿಯಲ್ಲಿ ಟಿಮ್ ಬರ್ನರ್ಸ್-ಲೀ ಅವರು ತಮ್ಮ ಮೇಲಧಿಕಾರಿಗಳಿಗೆ ಸಲ್ಲಿಸಿದ ಪ್ರಸ್ತಾವದಲ್ಲಿ ಈ ನಷ್ಟವನ್ನೇ ಮುಖ್ಯ ಸಮಸ್ಯೆಯಾಗಿ ಎತ್ತಿ ತೋರಿಸಿದ್ದರು. 1991ರಲ್ಲಿ ಲೋಕಕ್ಕೆ ತೆರೆದುಕೊಂಡ ಜಾಲತಾಣಗಳ ಮೂಲದಲ್ಲಿರುವುದು ಈ ಕಳಕಳಿಯೇ. ಉಪಾಧ್ಯಾಯರು ಬಂದು ಹೋಗುವ ನಮ್ಮ ಶಾಲೆಗಳಿಗೆ ಇದಕ್ಕಿಂತ ಹತ್ತಿರದ ಮಾತು ಬೇರೊಂದಿಲ್ಲ.

ಆ ಮೊದಲ ದಿನಗಳಲ್ಲಿ ಜಾಲತಾಣವೆಂದರೆ ಬಹುಮಟ್ಟಿಗೆ ಒಂದು ಫೋಲ್ಡರೇ ಆಗಿತ್ತು. ವಿಳಾಸದಲ್ಲಿ ಓರೆಗೆರೆಗಳ ನಡುವೆ ಬರುವ ಹೆಸರುಗಳು ಸರ್ವರಿನಲ್ಲಿದ್ದ ಫೋಲ್ಡರುಗಳ ಹೆಸರುಗಳು. ಕೊನೆಯ ಹೆಸರು ಕಡತದ್ದು. ಓದುವವರು ವಿಳಾಸವನ್ನು ಕೇಳಿದಾಗ ಸರ್ವರ್ ಆ ಫೋಲ್ಡರನ್ನು ತೆರೆದು ಆ ಕಡತವನ್ನು ಕಳುಹಿಸುತ್ತಿತ್ತು. ಇಂದಿಗೂ ಸರಳವಾದ ಜಾಲತಾಣಗಳು ಹೀಗೆಯೇ ನಡೆಯುತ್ತವೆ.

ಕಡತಗಳನ್ನು ಒಂದು ಯಂತ್ರದಿಂದ ಮತ್ತೊಂದಕ್ಕೆ ಸಾಗಿಸುವ ವಿಧಾನವಾದರೋ ಜಾಲತಾಣಗಳಿಗಿಂತ ಹಳೆಯದು. ಎಫ್‌ಟಿಪಿ ಎಂಬ ಆ ನಿಯಮಾವಳಿಯ ಮೊದಲ ರೂಪವನ್ನು 1971ರ ಏಪ್ರಿಲಿನಲ್ಲಿ ಬರೆದವರು ಭಾರತೀಯರಾದ ಅಭಯ್ ಭೂಷಣ್. ಕಾನ್ಪುರದ ಐ.ಐ.ಟಿ.ಯ ಮೊದಲ ತಂಡದ ಪದವೀಧರರಾದ ಅವರು ಆಗ ಅಮೆರಿಕದ ಎಂ.ಐ.ಟಿ.ಯಲ್ಲಿದ್ದರು. ಜಾಲತಾಣಕ್ಕೆ ಕಡತಗಳನ್ನು ಏರಿಸಲು ದಶಕಗಳ ಕಾಲ ಜನರು ಬಳಸಿದ್ದು ಈ ವಿಧಾನವನ್ನೇ. ಅದರ ಮೂಲರೂಪದಲ್ಲಿ ಗುಪ್ತಪದವು ಮುಚ್ಚುಮರೆಯಿಲ್ಲದೆ ಸಾಗುತ್ತಿದ್ದುದರಿಂದ ಈಗ ಅದಕ್ಕೆ ಬದಲಾಗಿ ಗೂಢಲಿಪಿಯ ರಕ್ಷಣೆಯುಳ್ಳ ಎಸ್‌ಎಫ್‌ಟಿಪಿ ಮುಂತಾದವನ್ನು ಬಳಸುವುದು ರೂಢಿಯಾಗಿದೆ.

ಸಾಗಿಸುವುದು ಒಂದು, ಹಂಚಿಕೊಳ್ಳುವುದು ಮತ್ತೊಂದು. ದೂರದ ಯಂತ್ರದಲ್ಲಿರುವ ಫೋಲ್ಡರು ನಮ್ಮ ಯಂತ್ರದಲ್ಲಿಯೇ ಇರುವಂತೆ ತೋರುವ ಏರ್ಪಾಟು 1980ರ ದಶಕದಲ್ಲಿ ಬಳಕೆಗೆ ಬಂದಿತು. ಐ.ಬಿ.ಎಂ. ಸಂಸ್ಥೆಯಲ್ಲಿ ಹುಟ್ಟಿ ಮೈಕ್ರೋಸಾಫ್ಟಿನವರಿಂದ ಬೆಳೆದ ಎಸ್‌ಎಂಬಿ ಎಂಬುದು ಒಂದು. ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯು 1984ರಲ್ಲಿ ಹೊರತಂದ ಎನ್‌ಎಫ್‌ಎಸ್ ಎಂಬುದು ಇನ್ನೊಂದು. ವಿಂಡೋಸ್ ಯಂತ್ರಗಳು ಆಡುವ ಈ ಎಸ್‌ಎಂಬಿ ಭಾಷೆಯನ್ನು ಯೂನಿಕ್ಸ್ ಯಂತ್ರಗಳಿಗೂ ಕಲಿಸಿದವರು ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದ ಆಂಡ್ರ್ಯೂ ಟ್ರಿಜೆಲ್. 1992ರ ಆರಂಭದಲ್ಲಿ ಅವರು ಹೊರಗೆಡಹಿದ ಆ ತಂತ್ರಾಂಶಕ್ಕೆ ಮುಂದೆ ಹೆಸರನ್ನು ಹುಡುಕುವಾಗ, ಎಸ್, ಎಂ, ಬಿ ಎಂಬ ಮೂರು ಅಕ್ಷರಗಳು ಅದೇ ಕ್ರಮದಲ್ಲಿ ಬರುವ ಪದಗಳನ್ನು ಪದಪಟ್ಟಿಯಿಂದ ಆಯ್ದು 'ಸಾಂಬಾ' ಎಂದಿಟ್ಟರು. ನಮ್ಮ ಕಿವಿಗೆ ಆಪ್ತವಾಗಿ ಕೇಳಿಸಿದರೂ ಅದು ಬ್ರೆಜಿಲಿನ ಒಂದು ನೃತ್ಯದ ಹೆಸರು. ಈ ತಂತ್ರಾಂಶ ಉಚಿತವಾದುದು. ಒಂದು ಹಳೆಯ ಕಂಪ್ಯೂಟರಿನಲ್ಲಿ ಇದನ್ನು ಹೂಡಿ ಇಡೀ ಶಾಲೆಗೆ ಹಂಚಿಕೆಯ ಫೋಲ್ಡರನ್ನು ಒದಗಿಸಬಹುದು.

ಯಾರಿಗೆ ಯಾವ ಕೀಲಿಕೈ?

ಫೋಲ್ಡರನ್ನು ಹಂಚುವುದು ಅರ್ಧ ಗಳಿಗೆಯ ಕೆಲಸ. ಅದನ್ನು ವಿವೇಕದಿಂದ ಹಂಚುವುದೇ ಯೋಚನೆಯ ಕೆಲಸ. 'ಎಲ್ಲರೂ ಎಲ್ಲವನ್ನೂ ಮಾಡಬಹುದು' ಎಂದು ತೆರೆದಿಟ್ಟ ಫೋಲ್ಡರು ಕೆಲವೇ ತಿಂಗಳಲ್ಲಿ ಯಾರದೂ ಅಲ್ಲದ ಹಿತ್ತಿಲಾಗುತ್ತದೆ. ಆದುದರಿಂದ ಒಳಗೆ ನಾಲ್ಕು ವಿಭಾಗಗಳನ್ನು ಮಾಡುವುದು ಒಳಿತು.

ಮೊದಲನೆಯದು 'ಕರಡು'. ಎಲ್ಲ ಉಪಾಧ್ಯಾಯರೂ ತಮ್ಮ ವರದಿ, ಚಿತ್ರ, ಪ್ರಕಟಣೆಗಳನ್ನು ಇಲ್ಲಿ ಇಡಬಹುದು, ತಿದ್ದಬಹುದು. ಎರಡನೆಯದು 'ಪರಿಶೀಲನೆ'. ಭಾಷೆಯನ್ನೂ ಅಂಕಿ ಅಂಶಗಳನ್ನೂ ನೋಡಲು ಮುಖ್ಯೋಪಾಧ್ಯಾಯರು ನೇಮಿಸಿದ ಇಬ್ಬರು ಮೂವರಿಗೆ ಮಾತ್ರ ಇಲ್ಲಿ ಬರೆಯುವ ಅಧಿಕಾರ, ಉಳಿದವರು ಓದಬಹುದು. ಮೂರನೆಯದು 'ಪ್ರಕಟಣೆ'. ಇಲ್ಲಿರುವುದೇ ಜಾಲತಾಣಕ್ಕೆ ಹೋಗುವುದು. ಇದಕ್ಕೆ ಸೇರಿಸುವ ಅಧಿಕಾರ ಒಬ್ಬರಿಗೆ, ಅವರ ಗೈರುಹಾಜರಿಯಲ್ಲಿ ಮತ್ತೊಬ್ಬರಿಗೆ. ನಾಲ್ಕನೆಯದು 'ಸಂಗ್ರಹ'. ಹಿಂದಿನ ವರ್ಷಗಳ ಸಾಮಗ್ರಿ ಇಲ್ಲಿ ಓದಲು ಮಾತ್ರ ದೊರೆಯಬೇಕು. ಅಳಿಸುವ ಹಕ್ಕು ದೈನಂದಿನ ಬಳಕೆದಾರರಲ್ಲಿ ಯಾರಿಗೂ ಇರತಕ್ಕದ್ದಲ್ಲ.

ಅಧಿಕಾರವನ್ನು ವ್ಯಕ್ತಿಗೆ ಕೊಡದೆ ಹುದ್ದೆಗೆ ಕೊಡಬೇಕು. ಸರ್ವರಿನಲ್ಲಿ 'ಸಂಪಾದಕರು', 'ಕಚೇರಿ', 'ಉಪಾಧ್ಯಾಯರು' ಎಂಬ ಗುಂಪುಗಳನ್ನು ಮಾಡಿ, ಹಕ್ಕುಗಳನ್ನು ಗುಂಪಿಗೆ ವಿಧಿಸಬೇಕು. ಒಬ್ಬರು ವರ್ಗವಾದಾಗ ಅವರನ್ನು ಗುಂಪಿನಿಂದ ತೆಗೆದು, ಬಂದವರನ್ನು ಸೇರಿಸಿದರೆ ಸಾಕು, ಏರ್ಪಾಟು ಕದಲುವುದಿಲ್ಲ. ಜಾಲತಾಣದ ಹೆಸರಿನ ನೋಂದಣಿಯೂ ಸಂಸ್ಥೆಯ ಹೆಸರಿನಲ್ಲಿ, ಸಂಸ್ಥೆಯ ಮಿಂಚಂಚೆಯಲ್ಲಿ ಇರಬೇಕೇ ಹೊರತು ಯಾರೊಬ್ಬರ ಸ್ವಂತ ವಿಳಾಸದಲ್ಲಿ ಅಲ್ಲ. ಅದನ್ನು ಅವಧಿಗೆ ಸರಿಯಾಗಿ ನವೀಕರಿಸದಿದ್ದರೆ ಆ ಹೆಸರು ಕೈತಪ್ಪಿ ಪರರ ಪಾಲಾಗಬಹುದು.

ಒಂದೇ ಕಡತವನ್ನು ಇಬ್ಬರು ಏಕಕಾಲದಲ್ಲಿ ತಿದ್ದಿದರೆ ಏನಾಗುತ್ತದೆ ಎಂಬ ಪ್ರಶ್ನೆ ಸಹಜ. ಕೆಲವು ತಂತ್ರಾಂಶಗಳು ಮೊದಲು ತೆರೆದವರ ಪರವಾಗಿ ಬೀಗ ಹಾಕಿ, ಎರಡನೆಯವರಿಗೆ 'ಓದಲು ಮಾತ್ರ' ಎಂದು ಹೇಳುತ್ತವೆ. ಸರಳವಾದ ಬರಹದ ತಂತ್ರಾಂಶಗಳಲ್ಲಿ ಈ ಬೀಗವಿರುವುದಿಲ್ಲ. ಕೊನೆಗೆ ಉಳಿಸಿದವರ ಪ್ರತಿಯೇ ನಿಲ್ಲುತ್ತದೆ, ಮೊದಲಿನವರ ಶ್ರಮ ಸದ್ದಿಲ್ಲದೆ ಅಳಿಯುತ್ತದೆ. ಆದುದರಿಂದ ಒಂದು ಪುಟಕ್ಕೆ ಒಬ್ಬರೇ ಹೊಣೆ ಎಂಬ ಕಟ್ಟುಪಾಡು ಕ್ಷೇಮಕರ.

ಹೆಸರಿಡುವ ಶಿಸ್ತು

ಕಡತಗಳಿಗೆ ಹೆಸರಿಡುವುದು ಕ್ಷುಲ್ಲಕ ಸಂಗತಿಯೆಂದು ತೋರಬಹುದು. ಆದರೆ ಶಾಲೆಯಲ್ಲಿ ಚೆನ್ನಾಗಿ ಕಂಡ ಚಿತ್ರ ಜಾಲತಾಣದಲ್ಲಿ ಕಾಣದೆ ಹೋಗುವುದಕ್ಕೆ ಎಷ್ಟೋ ವೇಳೆ ಹೆಸರೇ ಕಾರಣ. ಇಂಗ್ಲಿಷಿನ ದೊಡ್ಡಕ್ಷರ ಮತ್ತು ಚಿಕ್ಕಕ್ಷರಗಳನ್ನು ವಿಂಡೋಸ್ ಸಾಮಾನ್ಯವಾಗಿ ಒಂದೇ ಎಂದು ಎಣಿಸುತ್ತದೆ. ಜಾಲತಾಣಗಳನ್ನು ಹೊತ್ತ ಲಿನಕ್ಸ್ ಸರ್ವರುಗಳು ಬೇರೆ ಬೇರೆ ಎಂದು ಎಣಿಸುತ್ತವೆ. ಕಡತದ ಹೆಸರು ದೊಡ್ಡಕ್ಷರದಲ್ಲಿದ್ದು ಪುಟದಲ್ಲಿ ಚಿಕ್ಕಕ್ಷರದಲ್ಲಿ ಉಲ್ಲೇಖಿಸಿದ್ದರೆ ಶಾಲೆಯ ಕಂಪ್ಯೂಟರಿನಲ್ಲಿ ಚಿತ್ರ ಕಾಣುತ್ತದೆ, ಹೊರಗೆ ಕಾಣುವುದಿಲ್ಲ. ಪ್ರಶ್ನಾರ್ಥಕ ಚಿಹ್ನೆ, ನಕ್ಷತ್ರ ಚಿಹ್ನೆ, ವಿವರಣ ಚಿಹ್ನೆ ಮುಂತಾದವನ್ನು ವಿಂಡೋಸ್ ಹೆಸರಿನಲ್ಲಿ ಒಪ್ಪುವುದೇ ಇಲ್ಲ. ಫೋಲ್ಡರಿನೊಳಗೆ ಫೋಲ್ಡರು ಎಂದು ಆಳಕ್ಕೆ ಹೋದರೆ ಅನೇಕ ತಂತ್ರಾಂಶಗಳು ಸುಮಾರು 260 ಅಕ್ಷರಗಳ ಮಿತಿಯಲ್ಲಿ ಮುಗ್ಗರಿಸುತ್ತವೆ.

ಹೆಸರನ್ನು ಕನ್ನಡದಲ್ಲಿಯೇ ಇಡಬಾರದೇಕೆ ಎಂದು ಅಭಿಮಾನಿಗಳು ಕೇಳಬಹುದು. ಯೂನಿಕೋಡ್ ವ್ಯವಸ್ಥೆಯಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೇ ಸ್ಥಾನವಿದೆ; ಕನ್ನಡದ ಹೆಸರುಗಳು ಇಂದು ಯಂತ್ರಗಳಲ್ಲಿ ಸುಗಮವಾಗಿ ನಡೆಯುತ್ತವೆ. ತೊಡಕು ಬರುವುದು ವಿಳಾಸವನ್ನು ನಕಲಿಸಿ ಕಳುಹಿಸುವಾಗ. 'ಶಾಲೆ' ಎಂಬ ಪದದಲ್ಲಿ ಎರಡು ವ್ಯಂಜನ, ಎರಡು ಸ್ವರಚಿಹ್ನೆ, ಒಟ್ಟು ನಾಲ್ಕು ಸಂಕೇತಗಳಿವೆ. ಪ್ರತಿಯೊಂದೂ ಮೂರು ಬೈಟುಗಳು. ವಿಳಾಸದಲ್ಲಿ ಪ್ರತಿ ಬೈಟೂ ಶೇಕಡಾ ಚಿಹ್ನೆಯೊಡನೆ ಮೂರು ಅಕ್ಷರಗಳಾಗುತ್ತದೆ. ಹೀಗೆ ಎರಡಕ್ಷರದ ಪುಟ್ಟ ಪದವು 36 ಅಕ್ಷರಗಳ ಒಗಟಾಗಿ ಬೆಳೆಯುತ್ತದೆ. ಆದುದರಿಂದ 'ಕರಡು', 'ಸಂಗ್ರಹ'ಗಳಲ್ಲಿ ಕನ್ನಡದ ಹೆಸರು, 'ಪ್ರಕಟಣೆ'ಯಲ್ಲಿ ಇಂಗ್ಲಿಷಿನ ಚಿಕ್ಕಕ್ಷರಗಳ ಸರಳ ಹೆಸರು ಎಂಬುದು ಒಪ್ಪತಕ್ಕ ಮಧ್ಯಮಮಾರ್ಗ. ಪುಟದ ಒಳಗಿನ ಬರಹವು ಮಾತ್ರ ತಪ್ಪದೆ ಯೂನಿಕೋಡ್ ಕನ್ನಡದಲ್ಲಿರಲಿ. ಹಳೆಯ ಅಕ್ಷರಶೈಲಿಗಳಲ್ಲಿ ಅಚ್ಚುಮಾಡಿಸಿದ ಸಂಚಿಕೆಗಳ ಬರಹವನ್ನು ಪರಿವರ್ತಿಸದೆ ಜಾಲತಾಣಕ್ಕೆ ಏರಿಸಿದರೆ ಓದುಗರಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ.

ದಿನಾಂಕವನ್ನು ಬರೆಯುವಾಗ ವರ್ಷ ಮೊದಲು, ಅನಂತರ ತಿಂಗಳು, ಕೊನೆಗೆ ದಿನ ಬರಲಿ: 2024-08-15 ಎಂಬಂತೆ. ಆಗ ಕಡತಗಳು ತಾವಾಗಿಯೇ ಕಾಲಕ್ರಮದಲ್ಲಿ ನಿಲ್ಲುತ್ತವೆ. 'ಹೊಸದು', 'ತೀರಾ ಹೊಸದು', 'ಕೊನೆಯದು' ಎಂಬ ಹೆಸರುಗಳು ಎರಡು ವರ್ಷಗಳ ನಂತರ ಯಾರಿಗೂ ಏನನ್ನೂ ಹೇಳುವುದಿಲ್ಲ.

ಪ್ರತಿಬಿಂಬ ಬೇರೆ, ಕಾಪು ಬೇರೆ

'ಪ್ರಕಟಣೆ' ಫೋಲ್ಡರಿನಿಂದ ಜಾಲತಾಣದ ಸರ್ವರಿಗೆ ಸಾಮಗ್ರಿಯನ್ನು ಒಯ್ಯಲು ಆರ್‌ಸಿಂಕ್ ಎಂಬ ಉಚಿತ ತಂತ್ರಾಂಶವಿದೆ. 1996ರಲ್ಲಿ ಇದನ್ನು ರಚಿಸಿದವರು ಮೇಲೆ ಹೇಳಿದ ಟ್ರಿಜೆಲ್ ಮತ್ತು ಅವರ ಸಹೋದ್ಯೋಗಿ ಪಾಲ್ ಮ್ಯಾಕೆರಸ್. ಎರಡೂ ಕಡೆಯ ಕಡತಗಳನ್ನು ಹೋಲಿಸಿ, ಬದಲಾದ ಭಾಗವನ್ನು ಮಾತ್ರ ಕಳುಹಿಸುವುದು ಇದರ ಜಾಣ್ಮೆ. ಅಂತರಜಾಲದ ಸಂಪರ್ಕ ನಿಧಾನವಾಗಿರುವ ಊರುಗಳಲ್ಲಿ ಇದು ಬಹಳ ಉಪಯುಕ್ತ.

ಆದರೆ ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಎರಡು ಕಡೆ ಇದೆಯೆಂದ ಮಾತ್ರಕ್ಕೆ ಸುರಕ್ಷಿತವಾಗಿದೆ ಎಂದು ಭಾವಿಸಬಾರದು. ಇಲ್ಲಿ ಅಳಿಸಿದ್ದನ್ನು ಅಲ್ಲಿಯೂ ಅಳಿಸುವಂತೆ ಏರ್ಪಡಿಸಿದ್ದರೆ, ಇಲ್ಲಿಯ ಪ್ರಮಾದ ಅಲ್ಲಿಯೂ ನಿಷ್ಠೆಯಿಂದ ನಕಲಾಗುತ್ತದೆ. ಕನ್ನಡಿಯಲ್ಲಿ ಕಾಣುವ ಭತ್ತದ ಚೀಲವನ್ನು ಎರಡನೆಯ ಚೀಲವೆಂದು ಯಾರೂ ಲೆಕ್ಕ ಹಾಕುವುದಿಲ್ಲ.

1998ರಲ್ಲಿ ಅಮೆರಿಕದ ಪಿಕ್ಸಾರ್ ಚಿತ್ರಸಂಸ್ಥೆಯಲ್ಲಿ ನಡೆದುದನ್ನು ಇಲ್ಲಿ ನೆನೆಯಬೇಕು. 'ಟಾಯ್ ಸ್ಟೋರಿ 2' ಎಂಬ ಚಲನಚಿತ್ರದ ಕಡತಗಳೆಲ್ಲ ಕಲಾವಿದರು ಹಂಚಿಕೊಂಡಿದ್ದ ಸಂಗ್ರಹದಲ್ಲಿದ್ದವು. ಯಾರೋ ಕೊಟ್ಟ ಒಂದು ಅಳಿಸುವ ಆಜ್ಞೆಯಿಂದ ಚಿತ್ರದ ಬಹುಭಾಗ ಕಣ್ಣೆದುರಿಗೇ ಮಾಯವಾಯಿತು. ಕಾಪು ಪ್ರತಿಗಳನ್ನು ತೆಗೆದು ನೋಡಿದರೆ ಅವೂ ಕೆಲವು ಕಾಲದಿಂದ ಸರಿಯಾಗಿ ದಾಖಲಾಗಿರಲಿಲ್ಲ. ತಾಂತ್ರಿಕ ಮೇಲ್ವಿಚಾರಕಿ ಗ್ಯಾಲಿನ್ ಸಸ್‌ಮನ್ ಅವರು ಎಳೆಯ ಕೂಸಿನ ಆರೈಕೆಗಾಗಿ ಮನೆಯಿಂದಲೇ ದುಡಿಯುತ್ತಿದ್ದು, ಅವರ ಮನೆಯ ಕಂಪ್ಯೂಟರಿನಲ್ಲಿ ಒಂದು ಪ್ರತಿಯಿತ್ತು. ಅದನ್ನು ಕಂಬಳಿಯಲ್ಲಿ ಸುತ್ತಿ ಕಾರಿನಲ್ಲಿ ತಂದು ಚಿತ್ರವನ್ನು ಉಳಿಸಿಕೊಂಡರು. ಅಷ್ಟು ಧನಬಲ, ಜ್ಞಾನಬಲಗಳುಳ್ಳ ಸಂಸ್ಥೆಯನ್ನು ಉಳಿಸಿದ್ದು ಬೇರೊಂದು ಸ್ಥಳದಲ್ಲಿದ್ದ ಒಂದು ಪ್ರತಿ.

ಆದುದರಿಂದ ತಜ್ಞರು ಹೇಳುವ ಸೂತ್ರ ಇದು: ಪ್ರತಿಗಳು ಮೂರು, ಇಡುವ ಸಾಧನಗಳು ಎರಡು ಬಗೆಯವು, ಅವುಗಳಲ್ಲಿ ಒಂದಾದರೂ ಬೇರೆ ಸ್ಥಳದಲ್ಲಿ. ವಾರಕ್ಕೊಮ್ಮೆ ಬಾಹ್ಯ ಹಾರ್ಡ್ ಡಿಸ್ಕಿಗೆ ಪ್ರತಿ ತೆಗೆದು, ಅದನ್ನು ಕಂಪ್ಯೂಟರಿನಿಂದ ಬಿಡಿಸಿ, ಶಾಲೆಯ ಹೊರಗಿನ ಕಟ್ಟಡದಲ್ಲಿ ಇಡಬೇಕು. ತಿಂಗಳಿಗೊಮ್ಮೆ ಆ ಪ್ರತಿಯಿಂದ ಒಂದೆರಡು ಕಡತಗಳನ್ನು ತೆರೆದು ನೋಡಬೇಕು. ತೆರೆದು ನೋಡದ ಪ್ರತಿಯನ್ನು ನಂಬುವುದು ಎಣಿಸದೆ ಪಡೆದ ಹಣಕ್ಕೆ ರಶೀದಿ ಬರೆದಂತೆ.

ಬೇಲಿಯ ವಿಚಾರ

ಹಂಚಿಕೆಯ ಫೋಲ್ಡರು ಶಾಲೆಯ ಆವರಣದೊಳಗಿನ ಜಾಲಕ್ಕೆ ಮಾತ್ರ ಮೀಸಲಾಗಿರಬೇಕು. ಅಂತರಜಾಲಕ್ಕೆ ಅದನ್ನು ನೇರವಾಗಿ ತೆರೆದಿಡಕೂಡದು. 2017ರ ಮೇ 12ರಂದು ಹಬ್ಬಿದ ವಾನ್ನಾಕ್ರೈ ಎಂಬ ಮಾರಕ ತಂತ್ರಾಂಶವು ಎಸ್‌ಎಂಬಿಯ ಹಳೆಯ ಆವೃತ್ತಿಯಲ್ಲಿದ್ದ ದೋಷದ ಮೂಲಕವೇ ಯಂತ್ರದಿಂದ ಯಂತ್ರಕ್ಕೆ ಸಾಗಿ, ಕಡತಗಳಿಗೆ ಬೀಗ ಹಾಕಿ, ಬಿಡಿಸಲು ಹಣ ಕೇಳಿತು. ಬ್ರಿಟನ್ನಿನ ಸಾರ್ವಜನಿಕ ಆಸ್ಪತ್ರೆಗಳ ಕೆಲಸವೇ ಅಸ್ತವ್ಯಸ್ತವಾಯಿತು. ಆ ದೋಷಕ್ಕೆ ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚಿಯಲ್ಲಿಯೇ ಪರಿಹಾರ ಹೊರಡಿಸಿತ್ತು. ಅದನ್ನು ಹಾಕಿಕೊಂಡಿದ್ದ ಯಂತ್ರಗಳಿಗೆ ಈ ದಾರಿಯಿಂದ ಅದು ಹರಡಲಾಗಲಿಲ್ಲ. ಹಳೆಯ ಆವೃತ್ತಿಯನ್ನು ನಿಲ್ಲಿಸುವುದು, ಕಾಲಕಾಲಕ್ಕೆ ನವೀಕರಿಸುವುದು ಇವೆರಡೂ ಖರ್ಚಿಲ್ಲದ ಬೇಲಿಗಳು.

ಇನ್ನೊಂದು ಬೇಲಿ ನಮ್ಮ ವಿವೇಕದ್ದು. ವಿದ್ಯಾರ್ಥಿಗಳ ಆಧಾರ್ ಸಂಖ್ಯೆ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ದಾನಿಗಳ ಪ್ಯಾನ್ ಸಂಖ್ಯೆ ಇವು ಜಾಲತಾಣದ ಫೋಲ್ಡರಿನ ಸಮೀಪಕ್ಕೂ ಬರಬಾರದು. ಅವುಗಳಿಗೆ ಕಚೇರಿಯಲ್ಲಿ ಪ್ರತ್ಯೇಕ ಸ್ಥಳವಿರಲಿ. 2023ರಲ್ಲಿ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷ ತುಂಬದ ಮಕ್ಕಳ ಮಾಹಿತಿಯ ವಿಷಯದಲ್ಲಿ ಪೋಷಕರ ಒಪ್ಪಿಗೆಗೆ ಪ್ರಾಧಾನ್ಯ ನೀಡಿದೆ. ಪೋಷಕರು ನಮ್ಮನ್ನು ನಂಬಿ ಒಪ್ಪಿಸಿದ ವಿವರಗಳನ್ನು ಕಾಯುವುದು ಕಾಯ್ದೆಗಿಂತ ಹಿಂದಿನ ಧರ್ಮ.

ಫೋಲ್ಡರಿನ ಮಿತಿ

ಇಂದು ಅನೇಕ ಸಂಸ್ಥೆಗಳು 2003ರಲ್ಲಿ ಆರಂಭವಾದ ವರ್ಡ್‌ಪ್ರೆಸ್‌ನಂತಹ ತಂತ್ರಾಂಶಗಳಿಂದ ಜಾಲತಾಣವನ್ನು ನಡೆಸುತ್ತಿವೆ. ಇವುಗಳಲ್ಲಿ ಬರಹವು ಕಡತಗಳಲ್ಲಿ ಇರದೆ ದತ್ತಸಂಚಯದಲ್ಲಿ ಇರುತ್ತದೆ. ಸರ್ವರಿನ ಫೋಲ್ಡರುಗಳಲ್ಲಿ ದೊರೆಯುವುದು ಚಿತ್ರಗಳು ಮತ್ತು ವಿನ್ಯಾಸದ ಕಡತಗಳು ಮಾತ್ರ. ಫೋಲ್ಡರನ್ನು ನಕಲಿಸಿಕೊಂಡು ಇಡೀ ಜಾಲತಾಣವನ್ನು ಉಳಿಸಿದೆವೆಂದು ತಿಳಿದವರಿಗೆ ಕೊನೆಗೆ ಮಾತಿಲ್ಲದ ಚಿತ್ರಗಳಷ್ಟೇ ಉಳಿದಾವು. ದತ್ತಸಂಚಯದ ಪ್ರತಿಯನ್ನೂ ಪ್ರತ್ಯೇಕವಾಗಿ ತೆಗೆದಿಡಬೇಕು. ಅದಕ್ಕಿಂತ ಮುಖ್ಯವಾಗಿ, ಪ್ರತಿಯೊಂದು ಲೇಖನದ ಮೂಲವೂ ಮೊದಲು ಹಂಚಿಕೆಯ ಫೋಲ್ಡರಿಗೆ ಬಂದು, ಅಲ್ಲಿಂದ ಜಾಲತಾಣಕ್ಕೆ ಹೋಗಬೇಕು. ತಂತ್ರಾಂಶ ಯಾವುದೇ ಆಗಿರಲಿ, ನಾಳೆ ಅದು ಬದಲಾಗಲಿ, ಉಗ್ರಾಣ ನಮ್ಮಲ್ಲಿಯೇ ಉಳಿಯುತ್ತದೆ.

ಹೊಣೆ ಯಾರದು?

ಈ ಏರ್ಪಾಟಿನಲ್ಲಿ ಉಪಾಧ್ಯಾಯರಿಗೆ, ಹಳೆಯ ವಿದ್ಯಾರ್ಥಿಗಳಿಗೆ, ದಾನಿಗಳಿಗೆ ಪ್ರತ್ಯೇಕವಾದ ಪಾತ್ರಗಳಿವೆ. ಉಪಾಧ್ಯಾಯರು ಸಮಾರಂಭ ಮುಗಿದ ವಾರದೊಳಗೆ ವರದಿಯನ್ನೂ ಆಯ್ದ ಹತ್ತು ಚಿತ್ರಗಳನ್ನೂ 'ಕರಡು' ಫೋಲ್ಡರಿಗೆ ಸೇರಿಸಲಿ. ನೂರಾರು ಚಿತ್ರಗಳನ್ನು ಸುರಿದು ಹೋಗುವುದರಿಂದ ಪ್ರಯೋಜನವಿಲ್ಲ. ಹಳೆಯ ವಿದ್ಯಾರ್ಥಿಗಳು ತಮ್ಮಲ್ಲಿರುವ ಹಳೆಯ ಭಾವಚಿತ್ರಗಳನ್ನು ಕಳುಹಿಸುವಾಗ ವರ್ಷವನ್ನೂ, ನಿಂತವರ ಮತ್ತು ಕುಳಿತವರ ಹೆಸರುಗಳನ್ನೂ ಬರೆದು ಕಳುಹಿಸಲಿ. ಹೆಸರು ಬಲ್ಲವರು ಇರುವಾಗಲೇ ಆ ಕೆಲಸ ಆಗಬೇಕು. ಅನಂತರ ಯಾವ ಯಂತ್ರವೂ ಅದನ್ನು ಹೇಳಲಾರದು.

ದಾನಿಗಳಲ್ಲಿ ಒಂದು ವಿನಂತಿ. ಕಂಪ್ಯೂಟರಿಗೆ ಕೊಟ್ಟ ದಾನ ಕಣ್ಣಿಗೆ ಕಾಣುತ್ತದೆ, ಅದರ ಮೇಲೆ ಹೆಸರನ್ನೂ ಬರೆಸಬಹುದು. ಕಾಪು ಪ್ರತಿಯ ಡಿಸ್ಕಿಗೆ, ಜಾಲತಾಣದ ಹೆಸರಿನ ವಾರ್ಷಿಕ ಶುಲ್ಕಕ್ಕೆ, ವಾರಕ್ಕೆ ಕೆಲವು ಗಂಟೆ ಈ ಕೆಲಸವನ್ನು ನೋಡಿಕೊಳ್ಳುವವರ ಸಂಭಾವನೆಗೆ ಕೊಟ್ಟ ದಾನ ಕಾಣುವುದಿಲ್ಲ. ಹಾಗಿದ್ದರೂ ಸಂಸ್ಥೆಯ ನೆನಪು ಉಳಿಯುವುದು ಈ ಕಾಣದ ದಾನದಿಂದ.

ಕೊನೆಯದಾಗಿ, ಫೋಲ್ಡರಿನ ರಚನೆ, ಗುಂಪುಗಳು, ಕಾಪು ಪ್ರತಿಯ ಸ್ಥಳ, ನವೀಕರಣದ ದಿನಾಂಕ ಇವೆಲ್ಲವನ್ನೂ ಎರಡು ಪುಟಗಳಲ್ಲಿ ಕಾಗದದ ಮೇಲೆ ಬರೆದು ಮುಖ್ಯೋಪಾಧ್ಯಾಯರ ಬೀರುವಿನಲ್ಲಿ ಇಡಬೇಕು. ಗುಪ್ತಪದಗಳನ್ನು ಮುದ್ರೆಯೊತ್ತಿದ ಲಕೋಟೆಯಲ್ಲಿ ಅದರ ಜೊತೆಗಿಡಬೇಕು. ಅಧಿಕಾರ ವಹಿಸಿಕೊಡುವ ಪಟ್ಟಿಯಲ್ಲಿ ಪೀಠೋಪಕರಣಗಳ ಸಂಖ್ಯೆಯೊಂದಿಗೆ ಈ ಲಕೋಟೆಯ ಉಲ್ಲೇಖವೂ ಬರಲಿ. ಅದನ್ನು ವಹಿಸಿಕೊಂಡವರು ಸಹಿ ಹಾಕಲಿ, ಗುಪ್ತಪದಗಳನ್ನು ಅಂದೇ ಬದಲಾಯಿಸಲಿ.